ಬಸದಿಗಳ ಪಟ್ಟಿ: ನೋಡುವವರಿಗೆ ಬೇಕಾದಂತೆ ಬದಲಾಗುವ ಕೋಷ್ಟಕ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಬಸದಿ ಮತ್ತು ಜೈನ ಶಾಸನಗಳ ಮಾಹಿತಿಯನ್ನು ಜಾಲತಾಣಕ್ಕೆ ಹಾಕಬೇಕೆಂದರೆ ಕಾಲಂಗಳೇ ಹತ್ತು ಹನ್ನೆರಡು ಆಗುತ್ತವೆ. ಊರು, ತಾಲ್ಲೂಕು, ಮೂಲನಾಯಕ, ಕಟ್ಟಿಸಿದವರು, ಕಾಲ, ಶಾಸನ, ಪೂಜೆಯ ವೇಳೆ, ವಸತಿ ಹೀಗೆ. ಕಂಪ್ಯೂಟರಿನಲ್ಲಿ ಇದು ಹೇಗೋ ಕಾಣುತ್ತದೆ. ಮೊಬೈಲಿನಲ್ಲಿ ಮೊದಲ ಎರಡು ಕಾಲಂ ಬಿಟ್ಟರೆ ಉಳಿದದ್ದು ಅಂಚಿನಾಚೆ ಹೋಗುತ್ತದೆ. ಕುಟುಂಬ ಸಮೇತ ಲಕ್ಷ್ಮೇಶ್ವರದ ಶಂಖ ಬಸದಿಗೆ ಹೊರಟವರಿಗೆ ಬೇಕಾದದ್ದು ಬಾಗಿಲು ತೆರೆಯುವ ವೇಳೆ, ಉಳಿಯುವ ಸ್ಥಳ. ಇತಿಹಾಸದ ವಿದ್ಯಾರ್ಥಿಗೆ ಬೇಕಾದದ್ದು ಕಾಲ ಮತ್ತು ರಾಜವಂಶ. ಇಬ್ಬರಿಗೂ ಒಂದೇ ಪಟ್ಟಿ ಉಪಯೋಗಕ್ಕೆ ಬರಬೇಕಾದರೆ ಕಾಲಂಗಳನ್ನು ಆರಿಸಿಕೊಳ್ಳುವ ಅವಕಾಶ ಓದುಗರ ಕೈಯಲ್ಲಿರಬೇಕು.

ಅಂಗಡಿ ಲೆಕ್ಕ ಬಲ್ಲವರಿಗೆ ಇದು ಹೊಸದಲ್ಲ. ಒಂದೇ ವ್ಯವಹಾರ ಕಿರ್ದಿಯಲ್ಲಿ ತಾರೀಖಿನ ಪ್ರಕಾರ ಕಾಣುತ್ತದೆ, ಖಾತೆಯಲ್ಲಿ ಗಿರಾಕಿಯ ಹೆಸರಿನ ಪ್ರಕಾರ ಕಾಣುತ್ತದೆ. ವ್ಯವಹಾರ ಬದಲಾಗುವುದಿಲ್ಲ, ನೋಡುವ ಕ್ರಮ ಬದಲಾಗುತ್ತದೆ. ಜಾಲತಾಣದ ಕೋಷ್ಟಕವನ್ನೂ ಹಾಗೆಯೇ ಮೂರು ಭಾಗವಾಗಿ ಇಟ್ಟುಕೊಳ್ಳಬೇಕು. ಮೊದಲನೆಯದು ಮೂಲ ಮಾಹಿತಿ. ಎರಡನೆಯದು ಕಾಲಂಗಳ ವಿವರ: ತಲೆಬರಹ ಏನು, ಒಳಗಿರುವುದು ಅಕ್ಷರವೋ ಸಂಖ್ಯೆಯೋ, ಅದರ ಮೇಲೆ ವಿಂಗಡಣೆ ಮಾಡಬಹುದೋ ಇಲ್ಲವೋ. ಮೂರನೆಯದು ಓದುಗರ ಆಯ್ಕೆ: ಯಾವ ಕಾಲಂ ಕಾಣಬೇಕು, ಯಾವ ಕ್ರಮದಲ್ಲಿ. ಈ ಮೂರನ್ನು ಬೆರೆಸಿ ಪುಟ ಬರೆದರೆ ಮುಂದೆ ಒಂದು ಕಾಲಂ ಸೇರಿಸಬೇಕಾದಾಗ ಇಡೀ ಪುಟವನ್ನೇ ತಿದ್ದಬೇಕಾಗುತ್ತದೆ. ಓದುಗರ ಆಯ್ಕೆಯನ್ನು ಅವರ ಬ್ರೌಸರಿನಲ್ಲೇ ಉಳಿಸಿಡಬಹುದು. ಅದಕ್ಕಾಗಿ ಲಾಗಿನ್ ಕೇಳುವುದು ಅನಾವಶ್ಯಕ.

ಕೆಲಸದ ಹೆಚ್ಚಿನ ಪಾಲು ಇರುವುದು ಮೂಲ ಮಾಹಿತಿಯಲ್ಲಿ. ಒಂದು ಚೌಕದಲ್ಲಿ ಒಂದೇ ಸಂಗತಿ ಇರಬೇಕು. ಹೇಳುವುದು ಸುಲಭ. ಲಕ್ಷ್ಮೇಶ್ವರದ ಒಂದು ಶಾಸನವನ್ನು ನೋಡಿ. ಬಾಹುಬಲಿ ಶ್ರೇಷ್ಠಿಯ ವಿನಂತಿಯ ಮೇರೆಗೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನು ಶಂಖತೀರ್ಥ ಬಸದಿಗೆ ದಾನ ಕೊಟ್ಟ ಸಂಗತಿ ಅದರಲ್ಲಿದೆ, ಕಾಲ ಶಕ 656 ಎಂದಿದೆ. ಆದರೆ ಅದೇ ಕಲ್ಲಿನಲ್ಲಿ ಗಂಗ ಮಾರಸಿಂಹನ ಶಕ 890ರ ದಾನವೂ ಇದೆ. ಕಲ್ಲಿನ ಮೇಲಿರುವುದು ಹಳೆಯ ದಾನಗಳ ಪ್ರತಿ, ಕೆತ್ತಿದ್ದು 10ನೇ ಶತಮಾನದಲ್ಲಿ ಎಂಬುದು ಲಿಪಿಯನ್ನು ಪರಿಶೀಲಿಸಿದ ವಿದ್ವಾಂಸರ ಅಭಿಪ್ರಾಯ. ‘ಕಾಲ’ ಎಂಬ ಒಂದೇ ಕಾಲಂ ಇಟ್ಟರೆ ಇಲ್ಲಿ ಏನು ಬರೆಯುವುದು? ಏನು ಬರೆದರೂ ಅರ್ಧ ಸತ್ಯವೇ. ಆದ್ದರಿಂದ ‘ಶಾಸನ ಹೇಳುವ ಕಾಲ’ ಮತ್ತು ‘ಕೆತ್ತಿದ ಕಾಲ’ ಎಂದು ಎರಡು ಕಾಲಂ ಬೇಕು. ಎರಡನೆಯದನ್ನು ಸಾಮಾನ್ಯ ಓದುಗರಿಗೆ ಮೊದಲಿಗೆ ಕಾಣಿಸದೆ, ಬೇಕೆಂದವರು ತೆರೆದುಕೊಳ್ಳುವಂತೆ ಇಡಬಹುದು.

ಶಕ ವರ್ಷವನ್ನು ಬರೀ ಸಂಖ್ಯೆಯಾಗಿ ಬರೆದಿಟ್ಟರೆ ಕ್ರಿಸ್ತಶಕವನ್ನು ಕೋಷ್ಟಕವೇ 78 ಕೂಡಿಸಿ ತೋರಿಸುತ್ತದೆ. ಅತ್ತಿಮಬ್ಬೆಯ ಲಕ್ಕುಂಡಿ ಶಾಸನದ ಶಕ 929 ಹೀಗೆ 1007 ಆಗುತ್ತದೆ. ವೈಶ್ಯ ಚಿಕಾರ್ಯನು ಮುಳಗುಂದದಲ್ಲಿ ಜಿನಾಲಯ ಕಟ್ಟಿಸಿದ ಸಂಗತಿಯುಳ್ಳ ಶಾಸನದ ಶಕ 824 ಎಂದರೆ 902-03. ಶಕ ವರ್ಷ ಚೈತ್ರದಿಂದ ಆರಂಭವಾಗುವುದರಿಂದ ತಿಂಗಳು ಗೊತ್ತಿಲ್ಲದ ಕಡೆ ಹೀಗೆ ಎರಡು ವರ್ಷ ತೋರಿಸುವುದೇ ಸರಿ.

ಊರಿನ ಹೆಸರಿನಲ್ಲಿಯೂ ಇದೇ ತೊಡಕು. ಶಾಸನದ ಪುಲಿಗೆರೆಯೇ ಲಕ್ಷ್ಮೇಶ್ವರ, ಲೊಕ್ಕಿಗುಂಡಿಯೇ ಲಕ್ಕುಂಡಿ, ಧರ್ಮವೊಳಲೇ ಮುಂಡರಗಿ ತಾಲ್ಲೂಕಿನ ಡಂಬಳ. ಹುಡುಕುವವರು ಯಾವ ಹೆಸರು ಬರೆದರೂ ಸಾಲು ಸಿಗಬೇಕೆಂದರೆ ಹಳೆಯ ಹೆಸರಿಗೆ ಬೇರೆ ಕಾಲಂ ಇರಲೇಬೇಕು. ಗದಗ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮೊದಲಿನ ಪುಸ್ತಕಗಳಲ್ಲಿ ಲಕ್ಷ್ಮೇಶ್ವರ ಇರುವುದು ಧಾರವಾಡ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ; ಈಗ ಅದೇ ಒಂದು ತಾಲ್ಲೂಕು. ಸ್ವಾತಂತ್ರ್ಯಕ್ಕೆ ಮುಂಚೆ ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ ಇದ್ದವು. ಪ್ರತಿ ಸಾಲಿಗೂ ಬದಲಾಗದ ಒಂದು ಕ್ರಮಸಂಖ್ಯೆ ಕೊಟ್ಟರೆ, ತಾಲ್ಲೂಕು ಬದಲಾದಾಗ ಒಂದೇ ಬಸದಿ ಎರಡು ಬಾರಿ ಪಟ್ಟಿಗೆ ಸೇರುವುದು ತಪ್ಪುತ್ತದೆ.

ಕನ್ನಡದ್ದೇ ಆದ ಕೆಲವು ತೊಂದರೆಗಳೂ ಇವೆ. ಸಮಾಜದ ಎಷ್ಟೋ ಹಳೆಯ ಪಟ್ಟಿಗಳು ನುಡಿ, ಬರಹದ ಹಳೆಯ ಅಕ್ಷರಶೈಲಿಯಲ್ಲಿವೆ. ಅವನ್ನು ಯುನಿಕೋಡಿಗೆ ಬದಲಿಸದೆ ಹಾಕಿದರೆ ಹುಡುಕಾಟ ನಡೆಯುವುದೇ ಇಲ್ಲ. ಬದಲಿಸಿದ ಮೇಲೂ ಪದಗಳ ನಡುವೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳು ಉಳಿಯುತ್ತವೆ. ನೋಡಲು ಒಂದೇ ಆದ ಎರಡು ಪದಗಳು ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕುವ ಮೊದಲು ಅವನ್ನು ತೆಗೆದುಹಾಕಬೇಕು. ಅಕಾರಾದಿಯೂ ತಾನಾಗಿ ಸರಿಬರುವುದಿಲ್ಲ. ಯುನಿಕೋಡಿನಲ್ಲಿ ‘ಳ’ ಅಕ್ಷರ ‘ಲ’ದ ಪಕ್ಕದಲ್ಲಿದೆ, ನಮ್ಮ ವರ್ಣಮಾಲೆಯಲ್ಲಿ ‘ಹ’ ಆದ ಮೇಲೆ ಬರುತ್ತದೆ. ಬ್ರೌಸರಿನಲ್ಲೇ ಇರುವ ‘ಇಂಟ್ಲ್ ಕೊಲೇಟರ್’ ಎಂಬ ಸೌಲಭ್ಯಕ್ಕೆ ಭಾಷೆ ಕನ್ನಡ ಎಂದು ತಿಳಿಸಿ ವಿಂಗಡಿಸಬೇಕು. ಶತಮಾನವನ್ನು ಅಕ್ಷರವಾಗಿ ಬರೆದರೆ ‘10ನೇ ಶತಮಾನ’ವು ‘9ನೇ ಶತಮಾನ’ಕ್ಕಿಂತ ಮುಂಚೆ ಬಂದು ಕೂರುತ್ತದೆ.

ಮೊಬೈಲಿನಲ್ಲಿ ಊರು ಮತ್ತು ಬಸದಿಯ ಹೆಸರನ್ನು ಎಡಗಡೆ ಸ್ಥಿರವಾಗಿ ನಿಲ್ಲಿಸಿ, ಮೊದಲಿಗೆ ಮೂರೇ ಕಾಲಂ ತೋರಿಸಿದರೆ ಸಾಕು. ಕಣ್ಣು ಮಂಜಾದ ಹಿರಿಯರಿಗಾಗಿ ಅಕ್ಷರ ದೊಡ್ಡದು ಮಾಡುವ ಗುಂಡಿ ಇರಲಿ. ಕೋಷ್ಟಕವನ್ನು ಚಿತ್ರವಾಗಿ ಹಾಕಬಾರದು. ಎಚ್‌ಟಿಎಂಎಲ್‌ನ ನಿಜವಾದ ಟೇಬಲ್ ಆಗಿದ್ದು, ತಲೆಬರಹಗಳನ್ನು ತಲೆಬರಹವೆಂದೇ ಗುರುತಿಸಿದ್ದರೆ ದೃಷ್ಟಿ ಇಲ್ಲದವರ ಫೋನ್ ಅದನ್ನು ಓದಿ ಹೇಳುತ್ತದೆ.

ಇದೇ ಕೋಷ್ಟಕವನ್ನು ಸಮಾಜದ ಕುಟುಂಬಗಳ ಪಟ್ಟಿಗೋ ವಧು-ವರರ ಪಟ್ಟಿಗೋ ಬಳಸುವ ಆಸೆ ಬರುವುದು ಸಹಜ. ಅಲ್ಲಿ ಒಂದು ಮಾತು ಸ್ಪಷ್ಟವಾಗಿರಬೇಕು. ಕಾಲಂ ಮರೆಮಾಡುವುದು ಎಂದರೆ ಕಣ್ಣಿಗೆ ಕಾಣದಂತೆ ಮಾಡುವುದು ಮಾತ್ರ. ಮಾಹಿತಿ ಆಗಲೇ ನೋಡುವವರ ಫೋನಿಗೆ ಬಂದು ಬಿದ್ದಿರುತ್ತದೆ, ಸ್ವಲ್ಪ ತಿಳಿದವರು ಯಾರು ಬೇಕಾದರೂ ಅದನ್ನು ತೆಗೆದು ನೋಡಬಹುದು. ಹೆಣ್ಣುಮಕ್ಕಳ ಫೋನ್ ನಂಬರ್, ಜನ್ಮದಿನಾಂಕ, ಮನೆಯ ವಿಳಾಸಗಳನ್ನು ‘ಮರೆಮಾಡಿದ ಕಾಲಂ’ನಲ್ಲಿ ಇಡುವುದು ತಿಜೋರಿಯ ಮೇಲೆ ಟವೆಲ್ ಹೊದಿಸಿದಂತೆ. ಅಂಥ ವಿವರಗಳನ್ನು ಸಾರ್ವಜನಿಕ ಕಡತಕ್ಕೇ ಸೇರಿಸಬಾರದು. ಬೇಕಾದವರು ಸಂಬಂಧಪಟ್ಟ ಟ್ರಸ್ಟಿನ ಕಚೇರಿಗೆ ಫೋನ್ ಮಾಡಿ ಕೇಳಲಿ.

ಬಸದಿಗಳ ಪಟ್ಟಿಯಲ್ಲಾದರೆ ಇಂಥ ಭಯ ಕಡಿಮೆ. ಅಲ್ಲಿ ಪೂಜೆಯ ವೇಳೆ, ವಸತಿಯ ವಿವರಗಳ ಪಕ್ಕದಲ್ಲಿ ‘ಪರಿಶೀಲಿಸಿದ ದಿನಾಂಕ’ ಎಂಬ ಕಾಲಂ ಇಟ್ಟು, ಅದನ್ನು ಮಾತ್ರ ಯಾರೂ ಮರೆಮಾಡಲು ಬಾರದಂತೆ ಮಾಡಬೇಕು. ಎರಡು ವರ್ಷದ ಹಿಂದಿನ ವೇಳೆಯನ್ನು ನಂಬಿ ಬಂದ ಕುಟುಂಬವು ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲುವಂತಾಗಬಾರದು.