ಜನ ಒಂದೇ, ಜಾತಿಪತ್ರ ಬೇರೆ

ಮೆಟ್ಟೂರು ಅಣೆಕಟ್ಟಿನ ಪಕ್ಕದ ಪಾಲಮಲೆಯಲ್ಲಿ ಮಲಯಾಳಿ ಜನರಿದ್ದಾರೆ. ಕೇರಳದವರಲ್ಲ, ತಮಿಳು ಮಾತಾಡುವ ಬೆಟ್ಟದ ಬೇಸಾಯಗಾರರು. ಸೇಲಂ ಜಿಲ್ಲೆಯ ಕಡತದಲ್ಲಿ ಇವರು ಪರಿಶಿಷ್ಟ ಪಂಗಡ. ಅದೇ ಜನ ಈರೋಡ್ ಜಿಲ್ಲೆಯ ಬರಗೂರು ಬೆಟ್ಟದಲ್ಲೂ ಇದ್ದಾರೆ. ಅಲ್ಲಿ ಅವರಿಗೆ ಪಂಗಡದ ಜಾತಿಪತ್ರ ಸಿಗುವುದಿಲ್ಲ.

1976ರ ತಿದ್ದುಪಡಿ ಕಾಯ್ದೆ ಮಲಯಾಳಿಗಳನ್ನು ಪಂಗಡಗಳ ಪಟ್ಟಿಯಲ್ಲಿ ನಮೂದಿಸುವಾಗ ಆರು ಜಿಲ್ಲೆಗಳನ್ನಷ್ಟೇ ಹೆಸರಿಸಿತು: ಧರ್ಮಪುರಿ, ಸೇಲಂ, ಉತ್ತರ ಆರ್ಕಾಟ್, ದಕ್ಷಿಣ ಆರ್ಕಾಟ್, ಪುದುಕೋಟೆ, ತಿರುಚಿರಾಪಳ್ಳಿ. ಕೊಯಮತ್ತೂರು ಅದರಲ್ಲಿರಲಿಲ್ಲ. 1979ರಲ್ಲಿ ಕೊಯಮತ್ತೂರನ್ನು ಒಡೆದು ಇಂದಿನ ಈರೋಡ್ ಮಾಡಿದಾಗ ಬರಗೂರಿನವರು ಹೊರಗೇ ಉಳಿದರು. 1997ರಲ್ಲಿ ಸೇಲಂ ಬಿಟ್ಟು ನಾಮಕ್ಕಲ್ ಸೇರಿದ ಕೊಲ್ಲಿಮಲೆಯ ಮಲಯಾಳಿಗಳಿಗೆ ಮಾತ್ರ, ಸೇಲಂ ಪಟ್ಟಿಯಲ್ಲಿದ್ದ ಕಾರಣ, ಏನೂ ನಷ್ಟವಾಗಲಿಲ್ಲ.

ಪತ್ರವಿಲ್ಲದಿದ್ದರೆ ಪಂಗಡದ ವಿದ್ಯಾರ್ಥಿವೇತನವಿಲ್ಲ, ತಮಿಳುನಾಡಿನ ಶೇ 1ರ ಮೀಸಲಾತಿಯೂ ಇಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಭೂಮಿಯದು. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ನೆಲ ಉಳುತ್ತಿದ್ದರೆ ಹಕ್ಕಿಗೆ ಅಷ್ಟೇ ಸಾಕು. ಉಳಿದವರು 75 ವರ್ಷ ಕಾಡನ್ನೇ ನಂಬಿ ಬದುಕಿದ್ದನ್ನು ರುಜುವಾತು ಮಾಡಬೇಕು. ಎಂದರೆ 1930ರಿಂದ, ಆಗಿನ್ನೂ ಮೆಟ್ಟೂರು ಅಣೆಕಟ್ಟೇ ಕಟ್ಟಿ ಮುಗಿದಿರಲಿಲ್ಲ. ಬೆಟ್ಟದ ಯಾವ ಮನೆಯ ಪೆಟ್ಟಿಗೆಯಲ್ಲಿದೆ ಅಷ್ಟು ಹಳೆಯ ಕಾಗದ?

ಕಾಗದದ ಮೇಲಿನ ಗೆರೆ ಯಾರಿಗೆ ಆಸ್ತಿ ಎಂದು ತೀರ್ಮಾನಿಸಿದ್ದು ಇಲ್ಲಷ್ಟೇ ಅಲ್ಲ. ಅಣೆಕಟ್ಟು ಉದ್ಘಾಟನೆಯಾದ 1934ರಲ್ಲೇ ಅಮೆರಿಕದಲ್ಲಿ ಫೆಡರಲ್ ವಸತಿ ಆಡಳಿತ ಹುಟ್ಟಿತು. ಕಪ್ಪುಜನರ ಬಡಾವಣೆಗಳಿಗೆ ಅದು ಸಾಲದ ಭದ್ರತೆ ಕೊಡಲಿಲ್ಲ. ಬಿಳಿಯರ ಮನೆ ಮಕ್ಕಳಿಗೆ ಆಸ್ತಿಯಾಯಿತು. ಬಹಳಷ್ಟು ಕಪ್ಪುಜನರು ಬಾಡಿಗೆ ಕಟ್ಟುತ್ತಲೇ ಉಳಿದರು. 1968ರ ಕಾಯ್ದೆ ವಸತಿ ತಾರತಮ್ಯವನ್ನು ನಿಷೇಧಿಸಿತು, ಕೈತಪ್ಪಿದ ಆಸ್ತಿಯನ್ನು ಮರಳಿ ಕೊಡಲಿಲ್ಲ.

ಹಾಗೆಂದು ಪತ್ರವೇ ಎಲ್ಲವೂ ಅಲ್ಲ. ಧರ್ಮಪುರಿಯ ವಾಚಾತಿಯ ಮಲಯಾಳಿಗಳು ಪಟ್ಟಿಯಲ್ಲೇ ಇದ್ದರು. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿ ಊರಿಗೆ ನುಗ್ಗಿದರು. ಮನೆ, ದವಸ, ದನಕರು ಹಾಳಾದವು. 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. 269 ಆರೋಪಿಗಳಲ್ಲಿ ಬದುಕುಳಿದಿದ್ದ 215 ಮಂದಿಗೆ ಶಿಕ್ಷೆಯಾದದ್ದು 2011ರಲ್ಲಿ. ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯುವಷ್ಟರಲ್ಲಿ 2023 ಬಂದಿತ್ತು.

ಬರಗೂರಿನಲ್ಲಿ ಕನ್ನಡ ಮಾತಾಡುವ ಲಿಂಗಾಯತರೂ ಇದ್ದಾರೆ. ಕೆಂಪು ಮೈಮೇಲೆ ಬಿಳಿ ಮಚ್ಚೆಯ, ಅಪರಿಚಿತರನ್ನು ಹತ್ತಿರ ಬಿಡದ ಬರಗೂರು ದನದ ತಳಿ ಉಳಿದಿರುವುದು ಇವರಿಂದ. ಅವನ್ನು ಕಾಡಿನ ದೊಡ್ಡಿಗಳಲ್ಲಿ ಕೂಡಿ ಮೇಯಿಸುತ್ತಾರೆ. 2022ರಲ್ಲಿ ಹೈಕೋರ್ಟ್ ಅಭಯಾರಣ್ಯಗಳಲ್ಲಿ ದನ ಮೇಯಿಸುವುದನ್ನು ತಡೆಯಿತು; 2024ರಲ್ಲಿ ಈ ಕಾಡೇ ತಂದೈ ಪೆರಿಯಾರ್ ಅಭಯಾರಣ್ಯದ ಪಾಲಾಯಿತು. ಸಾಮೂಹಿಕ ಮೇವಿನ ಹಕ್ಕು ಅರಣ್ಯ ಹಕ್ಕು ಕಾಯ್ದೆಯಲ್ಲೇ ಇದೆ. ಪಂಗಡದವರಲ್ಲದ ಈ ದನಗಾಹಿಗಳು ಅದನ್ನು ಕೇಳಹೊರಟರೆ, ಅವರ ಮುಂದೆಯೂ ಬರುವುದು ಅದೇ 75 ವರ್ಷದ ದಾಖಲೆಯ ಪ್ರಶ್ನೆ.