ಅಳಿವೆಯ ನೀರು ಮತ್ತು ಮೀನಿನ ಆವಕ

ರಾಣೇಬೆನ್ನೂರು ತಾಲ್ಲೂಕಿನ ಐರಣಿಯಲ್ಲಿ ತುಂಗಭದ್ರೆಯ ನೀರು ಏರುವುದಕ್ಕೆ ಮುಖ್ಯ ಕಾರಣಗಳು ಎರಡು: ಮಲೆನಾಡಿನ ಮಳೆ ಮತ್ತು ಮೇಲಿನ ಜಲಾಶಯಗಳಿಂದ ಬಿಡುವ ನೀರು. ಅಲ್ಲಿ ನೀರು ಸದಾ ಸಿಹಿ. ಹರಿವು ಸದಾ ಒಂದೇ ದಿಕ್ಕಿಗೆ. ನದಿಯು ಸಮುದ್ರವನ್ನು ಸೇರುವ ಅಳಿವೆಯ ನಿಯಮವೇ ಬೇರೆ. ಕರಾವಳಿಯಿಂದ ಮೀನು, ಸಿಗಡಿ, ಏಡಿಗಳನ್ನು ತರಿಸುವ ಘಟ್ಟದ ಮೇಲಿನ ವರ್ತಕರು ಈ ನಿಯಮವನ್ನು ಅರಿತಿರುವುದು ಲಾಭದಾಯಕ.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ ಉಂಟಾಗುತ್ತವೆ. ಇವುಗಳ ವೇಳೆಯು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಉಬ್ಬರದೊಡನೆ ಮೀನುಗಳು ಕಾಂಡ್ಲಾ ಗಿಡಗಳ ನಡುವಿನ ಕಾಲುವೆಗಳಿಗೆ ನುಗ್ಗುತ್ತವೆ. ಇಳಿತದಲ್ಲಿ ಹೊರಬರುವಾಗ ಬಲೆಗೆ ಸಿಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಇಳಿತವು ಹೆಚ್ಚಾಗಿ, ಕೆಸರು ದಿಬ್ಬಗಳು ವಿಸ್ತಾರವಾಗಿ ತೆರೆದುಕೊಳ್ಳುವುದರಿಂದ ಬಳಚು ಆರಿಸಲು ಅನುಕೂಲ. ಅಷ್ಟಮಿಯ ಸುಮಾರಿಗೆ ನೀರಿನ ಏರಿಳಿತ ಕಡಿಮೆ, ಆವಕವೂ ತಗ್ಗಬಹುದು.

ಎರಡನೆಯ ಅಂಶ ಉಪ್ಪಿನ ಪ್ರಮಾಣ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಮಳೆಗಾಲದಲ್ಲಿ ನದಿಯ ಪ್ರವಾಹದಿಂದ ಅಳಿವೆಯು ಬಹುತೇಕ ಸಿಹಿಯಾಗುತ್ತದೆ. ಆಗ ಉಪ್ಪುನೀರನ್ನು ಬಯಸುವ ಮೀನುಗಳು ಸಮುದ್ರದತ್ತ ಸರಿಯುತ್ತವೆ. ಸ್ಥಳ ಬಿಟ್ಟು ಹೋಗಲಾರದ ಬಳಚು ಚಿಪ್ಪು ಮುಚ್ಚಿ ಕಾಯುತ್ತದೆ. ಸಿಹಿನೀರು ಬಹುಕಾಲ ನಿಂತರೆ ಸಾಯುತ್ತದೆ. ಉಪ್ಪುನೀರು ಭಾರವಾದ್ದರಿಂದ ತಳದಲ್ಲಿ ಉಳಿಯುತ್ತದೆ. ಆದಕಾರಣ ಮೇಲ್ಪದರದ ರುಚಿಯಿಂದ ತಳದ ಸ್ಥಿತಿಯನ್ನು ನಿರ್ಣಯಿಸಲಾಗದು. ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರ ಅವಧಿಯಲ್ಲಿ ಅಳಿವೆಯ ಮಾಲಿಗೆ ಬೇಡಿಕೆ ಹೆಚ್ಚು. ಆದರೆ ನೀರು ಸಿಹಿಯಾಗುವುದೂ ಅದೇ ಅವಧಿಯಲ್ಲಿ.

ಈ ಸಮತೋಲನ ಕೆಟ್ಟರೆ ಆಗುವ ಪರಿಣಾಮಕ್ಕೆ ನೆರೆಯ ಶರಾವತಿಯೇ ನಿದರ್ಶನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ತರುವಾಯ ವಿದ್ಯುದಾಗಾರಗಳಿಂದ ಬೇಸಗೆಯಲ್ಲಿಯೂ ಸಿಹಿನೀರು ಹರಿಯತೊಡಗಿತು. ಹೊನ್ನಾವರದ ಅಳಿವೆಯಲ್ಲಿ ಉಪ್ಪಿನಂಶ ತಗ್ಗಿ, ಬಳಚಿನ ಸಂಪತ್ತು ಕ್ಷೀಣಿಸಿತು. ದೊಡ್ಡ ಅಣೆಕಟ್ಟುಗಳಿಲ್ಲದ ಅಘನಾಶಿನಿಯಲ್ಲಿ ಋತುಮಾನದ ಕ್ರಮ ಉಳಿದಿದೆ. ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣದ ಮನ್ನಣೆ ದೊರೆತಿದೆ. ನಾಡಿನ ಕಾರ್ಖಾನೆಗಳನ್ನು ನಡೆಸಿದ ವಿದ್ಯುತ್ತಿನ ಬೆಲೆಯ ಒಂದು ಪಾಲನ್ನು ಹೊನ್ನಾವರದ ಮೀನುಗಾರರು ತೆತ್ತಿದ್ದಾರೆಂಬುದನ್ನು ಉದ್ಯಮಿಗಳು ಮರೆಯಲಾಗದು.

ಆದ್ದರಿಂದ ದಿನವೂ ಒಂದೇ ತೂಕದ ಮಾಲು ಬರಬೇಕೆಂಬ ಕರಾರು ಅಳಿವೆಯ ಮೀನಿಗೆ ಹೊಂದುವುದಿಲ್ಲ. ಆವಕದ ಅಂದಾಜು, ಮಂಜುಗಡ್ಡೆಯ ಖರೀದಿ, ಲಾರಿ ಹೊರಡುವ ವೇಳೆ ಇವೆಲ್ಲವನ್ನೂ ತಿಥಿ ಮತ್ತು ಮಳೆ ನೋಡಿ ನಿಗದಿಪಡಿಸುವುದು ಉಚಿತ. ಇಳಿತದ ವೇಳೆ ಬದಲಾದಂತೆ ಮಾಲು ದಡ ಸೇರುವ ವೇಳೆಯೂ ಬದಲಾಗುತ್ತದೆ. ಇದನ್ನರಿತ ವರ್ತಕನಿಗೆ ಮಾಲು ಕೆಡುವ ನಷ್ಟ ಕಡಿಮೆ. ಮೀನುಗಾರನಿಗೂ ನ್ಯಾಯವಾದ ದರ ದೊರೆಯುವ ಸಂಭವ ಹೆಚ್ಚು.