ಉಸಿರು ಸೋರದ ಬಂದೂಕು

ಮೈಲಾರದ ಕಾರ್ಣಿಕ, ಉಚ್ಚಂಗಿದುರ್ಗದ ಭರತ ಹುಣ್ಣಿಮೆ, ಅದರ ಬೆನ್ನಿಗೇ ಕೊಟ್ಟೂರೇಶ್ವರನ ತೇರು. ಮಾಘ ಮಾಸ ಬಂತೆಂದರೆ ಹಡಗಲಿ, ಹರಪನಹಳ್ಳಿ, ಕೊಟ್ಟೂರು ಸೀಮೆಯ ದಾರಿಗಳೆಲ್ಲ ಜಾತ್ರೆಯತ್ತಲೇ ಹೊರಳುತ್ತವೆ. ಮಂಡಕ್ಕಿ-ಮಿರ್ಚಿ, ಬೆಂಡು-ಬತ್ತಾಸು, ಬಳೆ ಅಂಗಡಿಗಳ ಸಾಲು ದಾಟಿ ಬಲೂನು ಹೊಡೆಯುವ ಅಂಗಡಿ ಸಿಕ್ಕರೇ ಹುಡುಗರಿಗೆ ಜಾತ್ರೆ ಪೂರ್ತಿ. ಹಲಗೆಯ ಮೇಲಿನ ಬಲೂನು ಎಲ್ಲರಿಗೂ ಕಾಣುತ್ತದೆ. ಬಂದೂಕನ್ನು ಸುಸ್ಥಿತಿಯಲ್ಲಿಡುವ ಕೈಗೆಲಸ ಕಾಣುವುದಿಲ್ಲ. ದುಡ್ಡು ಕೊಟ್ಟ ಹುಡುಗನ ಗುರಿ ಸರಿಯಿದ್ದೂ ಬಲೂನು ಒಡೆಯದಿದ್ದರೆ ಅದು ಅವನಿಗಾದ ಅನ್ಯಾಯ. ಆ ಅನ್ಯಾಯ ಆಗದಂತೆ ನೋಡಿಕೊಳ್ಳುವುದೇ ಈ ರಿಪೇರಿ.

ಜಾತ್ರೆಯ ಈ ಬಂದೂಕು ಏರ್‌ಗನ್. ಅದರಲ್ಲಿ ಮದ್ದಿಲ್ಲ, ಗಾಳಿಯೇ ಎಲ್ಲ. ನಳಿಗೆ ಮಡಚಿದಾಗ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಕುದುರೆ ಎಳೆದೊಡನೆ ಪಿಸ್ಟನ್ ಮುನ್ನುಗ್ಗಿ ಗಾಳಿಯನ್ನು ಗುಂಡಿನ ಬೆನ್ನಿಗೆ ತಳ್ಳುತ್ತದೆ. ಗುಂಡು 4.5 ಮಿ.ಮೀ. ಅಳತೆಯ ಸೀಸದ್ದು, ನಡು ಸಣ್ಣ, ಹಿಂಬದಿ ಟೊಳ್ಳು, ಅಂಚು ತೆಳು. ಗಾಳಿ ಬಡಿದಾಗ ಆ ಅಂಚು ಅರಳಿ ನಳಿಗೆಗೆ ಒತ್ತಿಕೊಳ್ಳುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ದೂರದ ಸ್ಪರ್ಧೆಯಲ್ಲಿ ಚಿನ್ನ ಗೆದ್ದದ್ದೂ ಇದೇ ಅಳತೆಯ ಗುಂಡಿನಿಂದ.

ಶಬ್ದವಿದೆ, ಜೋರಿಲ್ಲ ಎಂದರೆ ಗಾಳಿ ಎಲ್ಲೋ ಸೋರುತ್ತಿದೆ. ನಳಿಗೆ ಮಡಚುವ ಸಂದಿನ ಮೇಲೆ ತೆಳು ಕಾಗದದ ಚೂರಿಟ್ಟು, ಹಲಗೆಗೆ ಗುರಿಯಿಟ್ಟು ಒಂದು ಗುಂಡು ಹೊಡೆದು ನೋಡುತ್ತಾರೆ. ಕಾಗದ ಹಾರಿದರೆ ಅಲ್ಲಿನ ವಾಶರ್ ಸವೆದಿದೆ. ಹಾರದಿದ್ದರೆ ಅನುಮಾನ ಪಿಸ್ಟನ್ ತುದಿಯ ಚರ್ಮದ ವಾಶರಿನ ಮೇಲೆ. ಪುಟ್ಟ ಬಟ್ಟಲಿನಂಥ ಈ ಚರ್ಮ ಒಣಗಿದರೆ ಸುಕ್ಕುಗಟ್ಟುತ್ತದೆ, ಎಣ್ಣೆ ಕುಡಿದರೆ ಮೆತ್ತಗಾಗಿ ಅಂಚು ಮತ್ತೆ ಪಿಸ್ಟನ್ ಓಡುವ ಕೊಳವೆಯ ಗೋಡೆಗೆ ಅಂಟುತ್ತದೆ. ಎಣ್ಣೆ ಹೆಚ್ಚಾದರೂ ಕೇಡೇ. ಒತ್ತಡದ ಕಾವಿಗೆ ಎಣ್ಣೆ ಹೊತ್ತಿ ನಳಿಗೆಯ ಬಾಯಲ್ಲಿ ಹೊಗೆ ಬರುತ್ತದೆ, ಸ್ಪ್ರಿಂಗ್ ಮುರಿಯಲೂಬಹುದು. ಗುಂಡಿಲ್ಲದೆ ಕುದುರೆ ಎಳೆಯುವುದೂ ಹಾಗೆಯೇ: ತಡೆಯುವ ಗಾಳಿಯಿಲ್ಲದೆ ಪಿಸ್ಟನ್ ಕಬ್ಬಿಣಕ್ಕೇ ಬಡಿಯುತ್ತದೆ. ಅದುಮಿ ಕೂತ ಸ್ಪ್ರಿಂಗನ್ನು ಪಟ್ಟಿನಲ್ಲಿ ಬಿಗಿಯದೆ ಬಿಚ್ಚಿದರೆ ಮುಖಕ್ಕೇ ಚಿಮ್ಮೀತು; ಆ ಕೆಲಸ ತಿಳಿದವರ ಕೈಗೇ ಇರಲಿ.

ಜಾತ್ರೆಯ ಬಂದೂಕಿಗೆ ಒಂದೊಂದೇ ಗುಂಡು ಕೈಯಿಂದ ತುಂಬಬೇಕು. ಈಚಿನ ಕೆಲವು ಏರ್ ರೈಫಲ್‌ಗಳಿಗೆ ಹಲವು ಗುಂಡುಗಳ ತಿರುಗುವ ಮ್ಯಾಗಜಿನ್ ಇದೆ. ಅದು ಸಿಕ್ಕಿಕೊಂಡರೆ ಬಲವಂತ ಮಾಡಬಾರದು. ಮೊದಲು ಮ್ಯಾಗಜಿನ್ ಕಳಚಿ ನಳಿಗೆ ಖಾಲಿಯೇ ಎಂದು ನೋಡಬೇಕು. ಆಮೇಲೆ ಸೊಟ್ಟಗಾದ ಗುಂಡು, ಸೀಸದ ಪುಡಿ, ಗುಂಡು ಹಿಡಿದಿಡುವ ಸವೆದ ರಬ್ಬರ್ ಉಂಗುರ, ಸಡಿಲವಾದ ತಿರುಗು-ಸ್ಪ್ರಿಂಗ್ ಹೀಗೆ ಒಂದೊಂದಾಗಿ ನೋಡುತ್ತ ಹೋಗಬೇಕು. ಮ್ಯಾಗಜಿನ್ನಿನ ರಂಧ್ರ ನಳಿಗೆಯ ನೇರಕ್ಕೆ ನಿಲ್ಲದಿದ್ದರೆ ಗುಂಡಿನ ಅಂಚು ಕತ್ತರಿಸಿಹೋಗುತ್ತದೆ. ಒರೆಸಲು ಒಣ ಬಟ್ಟೆ ಸಾಕು. ಗ್ರೀಸ್ ಹಚ್ಚಿದರೆ ಧೂಳು ಅಂಟುತ್ತದೆ. ಸೀಸ ವಿಷ, ಕೆಲಸ ಮುಗಿದ ಕೂಡಲೇ ಕೈ ತೊಳೆಯಬೇಕು.

ಇಷ್ಟೆಲ್ಲ ಮಾಡಿ ಜೋರು ತುಂಬಿದ ಬಂದೂಕು ಬಲೂನಿನ ಹಲಗೆ ಬಿಟ್ಟು ಬೇರೆಡೆ ತಿರುಗಬಾರದು. ಇದೇ ಸೀಮೆಯಲ್ಲಿ ಕಾಡುಜೀವಿಗಳೂ ಇವೆ: ಕೂಡ್ಲಿಗಿಯ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಕೆರೆ ಪಕ್ಷಿ ಸಂರಕ್ಷಣಾ ಮೀಸಲಾಗಿದ್ದು, 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿದೆ. ಬಲೂನು ಒಡೆಯುವ ಗುಂಡು ಹಕ್ಕಿಯ ಎದೆಯನ್ನೂ ಸೀಳುತ್ತದೆ. ಹುಡುಗನ ಕೈಗೆ ಬಂದೂಕು ಕೊಡುವಾಗ ಅದರ ಬಾಯನ್ನು ಹಲಗೆಯತ್ತಲೇ ಹಿಡಿದು ಕೊಡಬೇಕು. ಈ ಕಸುಬಿನ ಮೊದಲ ಪಾಠ ಅದೇ, ಕೊನೆಯದೂ ಅದೇ.